ಮಾವನ ಸುಣ್ಣ, ನನ್ನ ಗೇಟು

ಮಾವಿನ ಕಾರ್ಖಾನೆಯ ಗೇಟಿನಲ್ಲಿ ನಾನು ಮೊದಲ ಸಲ ರಕ್ತ ನೋಡಿದ್ದು ಕೆಲಸಕ್ಕೆ ಸೇರಿದ ನಾಲ್ಕನೇ ದಿನ. ಮಾಗಡಿ ಕಡೆಯ ಟೆಂಪೊ ಡ್ರೈವರ್ ಒಬ್ಬ ಸಾಲು ತಪ್ಪಿಸಿ, ಕನಕಪುರದ ಕಡೆಯವನ ಟ್ರ್ಯಾಕ್ಟರಿನ ಮುಂದೆ ಗಾಡಿ ತೂರಿಸಿದ. ಟ್ರ್ಯಾಕ್ಟರಿನವನು ಇಳಿದು ಬಂದು, ಒಂದು ಮಾತೂ ಆಡದೆ, ಟೆಂಪೊ ಕಿಟಕಿಯೊಳಗೆ ಕೈ ಹಾಕಿ ಅವನ ತಲೆಯನ್ನು ಸ್ಟೇರಿಂಗಿಗೆ ಕುಟ್ಟಿದ. ಒಂದೊಂದು ಸಲ ಕುಟ್ಟಿದಾಗಲೂ ಹಾರ್ನ್ ಹೊಡೆದುಕೊಂಡಿತು. ಸಾಲಿನಲ್ಲಿದ್ದವರು ಮೊದಲು ನಕ್ಕರು, ಮೂಗಿನಿಂದ ರಕ್ತ ಬಂದ ಮೇಲೆ ಓಡಿ ಬಂದು ಬಿಡಿಸಿದರು. ಬಿಡಿಸಲು ಬಂದವರಲ್ಲೇ ಇಬ್ಬರು ಆಮೇಲೆ ಅಂಗಿ ಹರಿದುಕೊಂಡರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ಹೆದ್ದಾರಿಯ ಎರಡೂ ಬದಿಯ ರಾಗಿ ಹೊಲಗಳಿಗೆ ಮೊದಲು ತಂತಿ ಬೇಲಿ ಬಂತು, ಆಮೇಲೆ ಬೇಲಿಯ ಹಿಂದೆ ತಗಡಿನ ಶೆಡ್ಡು ಎದ್ದಿತು. ನಮ್ಮ ಶೆಡ್ಡು ಇದ್ದದ್ದು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ. ಮಾವಿನ ಹಣ್ಣಿನ ತಿರುಳು ತೆಗೆದು ಡ್ರಮ್ಮಿಗೆ ತುಂಬಿ ಕಳಿಸುವ ಖಾಸಗಿ ಕಾರ್ಖಾನೆ. ಇಂದು ಅದರ ಬೋರ್ಡೂ ಉಳಿದಿಲ್ಲ. ನಾಲ್ಕು ತಾಲ್ಲೂಕಿನ ತೋಟಗಳ ಹಣ್ಣು ಒಂದೇ ಗೇಟಿನಿಂದ ಒಳಗೆ ಹೋಗಬೇಕು. ಒಳಗಿನ ಯಂತ್ರ ಗಂಟೆಗೆ ಇಷ್ಟೇ ಅಂತ ತಿನ್ನುತ್ತದೆ, ನೂರು ಗಾಡಿ ಬಂದು ನಿಂತರೂ ಅದರ ಹಸಿವು ಹೆಚ್ಚುವುದಿಲ್ಲ. ಹೊರಗೆ ಮೇ ತಿಂಗಳ ಬಿಸಿಲಿಗೆ ಕ್ರೇಟಿನೊಳಗೆ ಹಣ್ಣು ಬೇಯುತ್ತದೆ, ರಸ ಸೋರುತ್ತದೆ, ಗಾಡಿಯಡಿ ನೊಣ ಮುತ್ತುತ್ತದೆ. ಅಲ್ಲಿ ಕಾಯುವವರಿಗೆ ತಾಳ್ಮೆ ಇರಬೇಕು ಅಂತ ಉಪದೇಶ ಮಾಡುವವರು ಒಂದು ಮಧ್ಯಾಹ್ನ ಅಲ್ಲಿ ನಿಂತು ನೋಡಬೇಕು.

ತಾಳ್ಮೆ ನನಗೂ ಇರಲಿಲ್ಲ. ನನ್ನದು ಮೊದಲಿನಿಂದ ಕೈ ಮುಂದು, ಬಾಯಿ ಹಿಂದು. ಶಾಲೆಯಲ್ಲಿ ಸ್ಲೇಟಿನಿಂದ ಒಬ್ಬನ ಹಣೆ ಒಡೆದಿದ್ದೆ, ಕಾಲೇಜಿನಲ್ಲಿ ಒಬ್ಬನ ಹಲ್ಲು. ಡಿಪ್ಲೊಮಾ ಮುಗಿಸಿ, ಆರು ತಿಂಗಳು ನೆಟ್‌ವರ್ಕಿಂಗ್ ಕೋರ್ಸ್ ಮಾಡಿ ಬಂದವನಿಗೆ ಈ ಕೆಲಸ ಕೊಡಿಸಿದ್ದು ನನ್ನ ಸೋದರಮಾವ. ಅವನು ಅದೇ ಗೇಟಿನಲ್ಲಿ ಹಣ್ಣು ಇಳಿಸುವ ಆಳುಗಳ ಮೇಸ್ತ್ರಿ. ವಿರೂಪಾಕ್ಷಿಪುರದ ಕಡೆಯ ನಮ್ಮ ಮನೆಗಳಲ್ಲಿ ಮಾವನನ್ನು ಏಕವಚನದಲ್ಲೇ ಮಾತಾಡಿಸುವುದು ರೂಢಿ. ಗೌರವ ಕಮ್ಮಿ ಅಂತ ಯಾರೂ ತಿಳಿಯಬಾರದು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು, ನನ್ನ ಸಿಟ್ಟಿಗೆ ಹೆದರದವನೂ ಅವನೊಬ್ಬನೇ.

ಅಂಥ ಗೇಟನ್ನು ಮಾವ ಸುಣ್ಣದ ಡಬ್ಬಿ ಇಟ್ಟುಕೊಂಡು ನಡೆಸುತ್ತಿದ್ದ. ಎಲೆಅಡಿಕೆಗೆ ಹಚ್ಚುವ ಸುಣ್ಣ. ಹಣ್ಣು ಇಳಿಸಿದ ಮೇಲೆ ಖಾಲಿ ಕ್ರೇಟುಗಳು ಅದೇ ಗಾಡಿಯಲ್ಲಿ ತೋಟಕ್ಕೆ ವಾಪಸ್ಸು ಹೋಗುತ್ತವಲ್ಲ, ಅವುಗಳಲ್ಲಿ ಕೆಲವಕ್ಕೆ ಹೆಬ್ಬೆರಳಿನಿಂದ ಒಂದು ಬೊಟ್ಟು ಇಡುತ್ತಿದ್ದ. ಅಂಗಳ ಗಾಡಿಗಳಿಂದ ಅರ್ಧ ತುಂಬಿದರೆ ಹತ್ತು ಗಾಡಿಗೆ ಒಂದರ ಕ್ರೇಟಿಗೆ ಬೊಟ್ಟು. ಮುಕ್ಕಾಲು ತುಂಬಿದರೆ ಮೂರಕ್ಕೆ ಒಂದು. ಇನ್ನೇನು ಸಾಲು ಗೇಟಿಗೆ ಬಂತು ಅನ್ನುವಾಗ ಸಿಕ್ಕ ಸಿಕ್ಕದ್ದಕ್ಕೆಲ್ಲ. ತೋಟದಲ್ಲಿ ದೋಟಿ ಹಿಡಿದು ಕಾಯಿ ಕೀಳುವವರಿಗೆ ಅದರ ಅರ್ಥ ಗೊತ್ತಿತ್ತು. ಬೊಟ್ಟಿಟ್ಟ ಕ್ರೇಟು ಮನೆಗೆ ಬಂದರೆ ಮಾರನೆಯ ದಿನ ಅರ್ಧಕ್ಕೆ ಅರ್ಧ ಮಾತ್ರ ಕೀಳುವುದು, ಉಳಿದದ್ದು ಮರದಲ್ಲೇ ಇರಲಿ. ಬರದಿದ್ದರೆ ನಾಳೆಗೆ ಹತ್ತು ಕ್ರೇಟು ಜಾಸ್ತಿ. ಮರದಲ್ಲಿರುವ ಕಾಯಿ ಮೂರು ದಿನ ತಡೆಯುತ್ತದೆ, ಕ್ರೇಟಿಗೆ ಬಿದ್ದದ್ದು ತಡೆಯುವುದಿಲ್ಲ. ಬಂದ ಗಾಡಿಯನ್ನು ಮಾವ ಒಮ್ಮೆಯೂ ಹಿಂದಕ್ಕೆ ಕಳಿಸಿದವನಲ್ಲ. ಜಗಳ ಆಗುತ್ತಿತ್ತು, ಮೂಗು ಒಡೆಯುತ್ತಿತ್ತು, ಆದರೆ ಕೊಳೆತ ಹಣ್ಣನ್ನು ಯಾರೂ ಮನೆಗೆ ಒಯ್ದದ್ದಿಲ್ಲ.

ನನ್ನ ಕೆಲಸ ಗೇಟಿನ ಪಕ್ಕದ ಗಾಜಿನ ರೂಮಿನಲ್ಲಿ. ವೇಬ್ರಿಡ್ಜಿನ ತೂಕ, ಗಾಡಿ ನಂಬರು, ಊರು, ಎಲ್ಲ ಕಂಪ್ಯೂಟರಿಗೆ ಹತ್ತಿಸಿ, ಒಂದು ಬಡಕಲು ಲೈನಿನಲ್ಲಿ ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸಬೇಕು. ಆ ಲೈನಿನ ಬಾಯಿಗೆ ಒಂದು ರೂಟರ್ ಇತ್ತು. ಅದು ಮಾಡುವುದೂ ಗೇಟಿನ ಕೆಲಸವೇ. ಒಂದು ಕಂಪ್ಯೂಟರ್ ಏನನ್ನೇ ಕಳಿಸಲಿ, ಚೂರು ಚೂರು ಮಾಡಿ ಕಳಿಸುತ್ತದೆ. ಆ ಚೂರುಗಳಿಗೆ ಪ್ಯಾಕೆಟ್ ಅನ್ನುತ್ತಾರೆ. ಆಚೆ ಕಡೆಯವನು ಸಿಕ್ಕಿದ ಪ್ಯಾಕೆಟ್ಟಿಗೆಲ್ಲ ‘ಬಂತು’ ಅಂತ ಉತ್ತರ ಕಳಿಸುತ್ತಾನೆ. ಉತ್ತರ ಬರುತ್ತಿದ್ದರೆ ಕಳಿಸುವವನು ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸುತ್ತಾನೆ. ನಡುವಿನ ರೂಟರಿಗೆ ತಡೆಯಲಾಗದಷ್ಟು ಬಂದಾಗ ಅದು ಸ್ವಲ್ಪ ಹೊತ್ತು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಸಾಲೂ ತುಂಬಿತೋ, ಹೊಸದಾಗಿ ಬಂದದ್ದನ್ನು ಬಿಸಾಡುತ್ತದೆ. ಬಿಸಾಡಿದೆ ಅಂತ ಯಾರಿಗೂ ಹೇಳುವುದಿಲ್ಲ. ‘ಬಂತು’ ಅನ್ನುವ ಉತ್ತರ ಬಾರದ್ದನ್ನು ನೋಡಿ, ಕಳಿಸಿದವನು ತಾನೇ ತಿಳಿದುಕೊಂಡು ವೇಗವನ್ನು ಅರ್ಧಕ್ಕೆ ಇಳಿಸಬೇಕು.

ಇದನ್ನು ಕೋರ್ಸಿನಲ್ಲಿ ಕೇಳಿದಾಗ ನನಗೆ ಬಹಳ ಹಿಡಿಸಿತ್ತು. ಮಾತಿಲ್ಲ, ಕತೆಯಿಲ್ಲ, ಬಿಸಾಡು, ಬುದ್ಧಿ ಬರುತ್ತದೆ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅದೇ ಪುಸ್ತಕದಲ್ಲಿ ಮುಂದೆ ಇನ್ನೊಂದು ಪಾಠವಿತ್ತು. ಮೇಷ್ಟರು ಅದನ್ನು, ಯಾರೂ ಬಳಸಲ್ಲ, ಪರೀಕ್ಷೆಗೂ ಬರಲ್ಲ ಅಂತ ಹಾರಿಸಿದರು. ನಾವೂ ಹಾರಿದೆವು.

ಮಾವನ ಸುಣ್ಣಕ್ಕೆ ಕಲ್ಲು ಹಾಕಿದ್ದು ನಮ್ಮ ಜನರ ಕಳ್ಳಬುದ್ಧಿ, ಅದರ ಮೇಲೆ ಮಣ್ಣೆಳೆದವನು ನಾನು. ಎರಡನೇ ವರ್ಷದ ಸುಗ್ಗಿಯಲ್ಲಿ ಕೆಲವು ಡ್ರೈವರುಗಳು ತಮ್ಮದೇ ಸುಣ್ಣದ ಡಬ್ಬಿ ತರತೊಡಗಿದರು. ಕಾಯುವ ಹೊತ್ತಿನಲ್ಲಿ ಹಣ್ಣು ಇಳಿಸಿ ಹೊರಡಲು ನಿಂತ ಪಕ್ಕದ ಗಾಡಿಯ ಖಾಲಿ ಕ್ರೇಟಿಗೆ ಗೊತ್ತಾಗದಂತೆ ಬೊಟ್ಟಿಡುವುದು. ಅವನು ನಾಳೆ ಅರ್ಧ ತರಲಿ, ನಾನು ಪೂರ್ತಿ ತರುತ್ತೇನೆ ಅಂತ. ದೊಡ್ಡಆಲಹಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹಾಗೆ ಹಚ್ಚುವಾಗ ಸಿಕ್ಕಿಬಿದ್ದ. ನಾಲ್ಕು ಜನ ಸೇರಿ ಅವನನ್ನು ಕ್ರೇಟಿನಲ್ಲೇ ಬಡಿದರು. ನಾನು ಗಾಜಿನ ರೂಮಿನಿಂದ ಇಳಿದು ಹೋದದ್ದು ಬಿಡಿಸಲಿಕ್ಕೆ ಅಂತಲೇ. ಹೋದವನು ಅವನ ಕೆನ್ನೆಗೆ ಎರಡು ಬಿಟ್ಟೆ. ಕೈಗೆ ಸುಣ್ಣ ಮೆತ್ತಿಕೊಂಡಿತು. ಮಾವ ನನ್ನನ್ನು ಎಳೆದುಕೊಂಡು ಹೋಗಿ, ಹೊಡೆತ ತಿಂದವನು ಹಚ್ಚುವುದನ್ನು ಬಿಡುವುದಿಲ್ಲ, ಇನ್ನೂ ಹುಷಾರಾಗಿ ಹಚ್ಚುತ್ತಾನೆ ಅಷ್ಟೆ ಅಂದ. ಮಾರನೆಯ ದಿನದಿಂದ ಬೊಟ್ಟಿಡುವ ಜಾಗ ಬದಲಾಯಿಸಿದ. ಒಂದು ದಿನ ಕ್ರೇಟಿನ ತಳಕ್ಕೆ, ಒಂದು ದಿನ ಹಿಡಿಯ ಒಳಗಡೆಗೆ. ಎಲ್ಲಿ ಅಂತ ಗಾಡಿ ಹೊರಡುವಾಗ ಆ ಡ್ರೈವರನ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದ.

ನನಗೆ ಅದು ನಾಟಕದ ಹಾಗೆ ಕಂಡಿತು. ಕಂಪ್ಯೂಟರ್ ಇಟ್ಟುಕೊಂಡು ಕಾರ್ಖಾನೆಯವರು ಎಲೆಅಡಿಕೆ ಸುಣ್ಣದಲ್ಲಿ ವ್ಯವಹಾರ ಮಾಡುವುದೇ? ಮ್ಯಾನೇಜರಿಗೆ ಹೋಗಿ ಹೇಳಿದೆ: ಸುಣ್ಣ ಹಣ್ಣಿಗೆ ತಗುಲಿದರೆ ಸರಕು ಕೆಡುತ್ತದೆ, ಜಗಳಕ್ಕೂ ಅದೇ ಮೂಲ, ನಿಲ್ಲಿಸಿಬಿಡಿ. ಅಂಗಳದಲ್ಲಿ ನಲವತ್ತು ಗಾಡಿ ಆದ ಕೂಡಲೇ ನನ್ನ ಸ್ಕ್ರೀನು ಕೆಂಪಾಗುವ ಹಾಗೆ ಮಾಡುತ್ತೇನೆ, ಕೆಂಪಾದರೆ ಗೇಟು ಬಂದ್, ಹೊರಗಿದ್ದವರು ವಾಪಸ್. ಎರಡು ಸಲ ವಾಪಸ್ ಹೋದರೆ ತಾವೇ ಕಮ್ಮಿ ತರುತ್ತಾರೆ. ಮ್ಯಾನೇಜರಿಗೆ ಖುಷಿಯಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೈಗೆ ಸಿಕ್ಕ ಐಶ್ವರ್ಯ ಒಂದು ಕೆಂಪು ಬಣ್ಣ.

ಮಾವನಿಗೆ ಹೇಳಿದಾಗ ಅವನು ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ತುಂಬಕ್ ಮುಂಚೆ ಹೇಳ್ಬೇಕು ಕಣ್ಲಾ. ತುಂಬುದ್ ಮ್ಯಾಲೆ ಹೇಳಿದ್ರೆ ಅದು ಬೈಗುಳ," ಅಂದ.

ನೀನು ಓದಿದವನಲ್ಲ ಮಾವ, ನಿನಗೆ ಗೊತ್ತಾಗಲ್ಲ ಅಂದುಬಿಟ್ಟೆ. ನನ್ನ ಫೀಸು ಕಟ್ಟಿದವನಿಗೆ ಹೇಳಿದ ಮಾತು ಅದು. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೊದಲನೆಯ ಶನಿವಾರ ಸ್ಕ್ರೀನು ಹನ್ನೊಂದು ಗಂಟೆಗೆ ಕೆಂಪಾಯಿತು. ಶನಿವಾರವೇ ಯಾಕೆ ಅಂದರೆ, ನಮ್ಮಲ್ಲಿ ಶುಕ್ರವಾರ ಫಸಲನ್ನು ಮನೆಯಿಂದ ಆಚೆ ಕಳಿಸುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ. ಎರಡು ದಿನದ ಹಣ್ಣು ಶನಿವಾರ ಒಟ್ಟಿಗೆ ಬರುತ್ತದೆ. ಗೇಟು ಹಾಕಿಸಿದೆ. ಹೊರಗೆ ಮೂವತ್ತಕ್ಕೂ ಹೆಚ್ಚು ಗಾಡಿ. ಕೂಗಾಡಿದರು, ಗೇಟು ಅಲ್ಲಾಡಿಸಿದರು, ಸೆಕ್ಯೂರಿಟಿಯವನ ಟೋಪಿ ಕಿತ್ತು ಮೋರಿಗೆ ಎಸೆದರು, ಹೋದರು. ನನಗೆ ಗೆದ್ದ ಹಾಗಾಯಿತು. ಭಾನುವಾರ ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ಆ ಮೂವತ್ತೂ ಗಾಡಿಗಳು, ಜೊತೆಗೆ ಭಾನುವಾರದವು, ಎಲ್ಲ ಒಂದೇ ಹೊತ್ತಿಗೆ ಗೇಟಿನಲ್ಲಿ. ಅರ್ಧ ಗಂಟೆಯಲ್ಲಿ ಮತ್ತೆ ಕೆಂಪು, ಮತ್ತೆ ವಾಪಸ್. ಅವರೂ ಇವರೂ ಹೆದರಿ ಸೋಮವಾರ ಯಾರೂ ಬರಲಿಲ್ಲ. ಯಂತ್ರ ಮಧ್ಯಾಹ್ನದವರೆಗೆ ಖಾಲಿ ತಿರುಗಿತು. ಮಂಗಳವಾರ ಎಲ್ಲರೂ ಬಂದರು. ಒಟ್ಟಿಗೆ ಹೋಗುವುದು, ಒಟ್ಟಿಗೆ ಬರುವುದು. ಮಾವನ ಸುಣ್ಣ ಒಬ್ಬೊಬ್ಬರಿಗೆ ಒಂದೊಂದು ದಿನ ಹೇಳುತ್ತಿತ್ತು. ನನ್ನ ಗೇಟು ಎಲ್ಲರ ಮುಖಕ್ಕೂ ಒಂದೇ ಸಲ ಬಡಿಯುತ್ತಿತ್ತು.

ಬಡಿಸಿಕೊಂಡವರು ಬಡಿಯತೊಡಗಿದರು. ಎರಡನೇ ವಾರ ವೇಬ್ರಿಡ್ಜಿನ ಕೇಬಲ್ಲು ಕೊಯ್ದರು. ಒಬ್ಬ ಕೊಳೆತ ಹಣ್ಣಿನ ಕ್ರೇಟನ್ನು ನನ್ನ ರೂಮಿನ ಗಾಜಿಗೆ ಎಸೆದ. ಗಾಜು ಒಡೆಯಲಿಲ್ಲ, ರಸ ಮಾತ್ರ ಸಂಜೆಯವರೆಗೂ ಇಳಿಯುತ್ತಿತ್ತು. ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಒಬ್ಬನ ಪಾದದ ಮೇಲೆ ಚಕ್ರ ಹೋಯಿತು, ಅವನ ಅಣ್ಣ ಟ್ರ್ಯಾಕ್ಟರಿನವನ ಬೆನ್ನಿಗೆ ಬೆಲ್ಟಿನ ಬಕಲಿನಲ್ಲಿ ಬಾರಿಸಿದ. ಇಳಿಸುವ ಆಳುಗಳು ಸೊಂಟದಲ್ಲಿ ಕುಡುಗೋಲು ಇಟ್ಟುಕೊಂಡು ಬರತೊಡಗಿದರು. ಇದೆಲ್ಲದರ ನಡುವೆ ಮಾವ ಬರಿಗೈಯಲ್ಲಿ ಓಡಾಡುತ್ತಿದ್ದ. ಜಗಳವಾದಾಗಲೆಲ್ಲ ಮ್ಯಾನೇಜರು ಅವನನ್ನು ಕರೆಸಿ, ಗೇಟು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಬೇರೆ ಮೇಸ್ತ್ರಿ ನೋಡುತ್ತೇನೆ ಅನ್ನುತ್ತಿದ್ದರು. ಸ್ಕ್ರೀನಿನವನನ್ನು ಯಾರೂ ಕರೆಸಲಿಲ್ಲ. ನಾನಾಗಿ ಹೋಗಿ ಹೇಳಲೂ ಇಲ್ಲ. ಇನ್ನೊಂದು ವಾರ ಸರಿಹೋಗುತ್ತದೆ, ಬುದ್ಧಿ ಬರುತ್ತದೆ ಅಂತಲೇ ಕಾದೆ. ಮಾವನ ಹದಿನಾಲ್ಕು ಜನ ಆಳುಗಳ ಅನ್ನ, ಅವನ ಮರ್ಯಾದೆ ಎರಡೂ ನನ್ನ ಹಟದ ಮೇಲೆ ನಿಂತಿದ್ದವು.

ಮೂರನೇ ವಾರ ಗುರುವಾರ ಅಮಾವಾಸ್ಯೆ. ಅಮಾವಾಸ್ಯೆಯಂದು ನಮ್ಮವರು ಮರ ಹತ್ತುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಮಾರನೆಯ ದಿನ ಶುಕ್ರವಾರ. ಅಂದರೆ ಮೂರು ದಿನದ ಹಣ್ಣು ಶನಿವಾರ ಬರುತ್ತದೆ. ಇದು ಕ್ಯಾಲೆಂಡರ್ ನೋಡಬಲ್ಲ ಯಾರಿಗಾದರೂ ತಿಳಿಯಬೇಕು. ಗುರುವಾರ ನಾನೂ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳದೆ, ಅಮ್ಮ ಹೇಳಿದಂತೆ ದೂರ ಹೋಗದೆ, ಅಮಾವಾಸ್ಯೆ ಆಚರಿಸಿಕೊಂಡು ಕೂತಿದ್ದೆ. ಆದರೂ ನನ್ನ ಲೆಕ್ಕದಲ್ಲಿ ಅಮಾವಾಸ್ಯೆ ಇರಲಿಲ್ಲ, ಲಕ್ಷ್ಮಿ ಇರಲಿಲ್ಲ, ನಲವತ್ತು ಮಾತ್ರ ಇತ್ತು. ಮಾವನಾಗಿದ್ದರೆ ಮಂಗಳವಾರವೇ ಬೊಟ್ಟಿಡಲು ಶುರು ಮಾಡಿರುತ್ತಿದ್ದ.

ಆ ಶನಿವಾರ ಬೆಳಿಗ್ಗೆ ಎಂಟಕ್ಕೇ ಸ್ಕ್ರೀನು ಕೆಂಪಾಯಿತು. ಸಾಲು ಹೆದ್ದಾರಿಗೆ ಹತ್ತಿತ್ತು. ಒಂಬತ್ತರ ಹೊತ್ತಿಗೆ ಲಗೇಜ್ ಆಟೊದವನು ಒಬ್ಬ ನನ್ನ ಕಿಟಕಿಗೆ ಬಂದ. ಬೈರಾಪಟ್ಟಣದಿಂದ ಆಚೆ ಒಂದು ಸಣ್ಣ ಊರಿನವನು. ಸ್ವಂತ ಗಾಡಿ, ಸ್ವಂತ ತೋಟ, ಮೂವತ್ತೈದರ ಆಸುಪಾಸು. ಹಿಂದಿನ ಎರಡು ಶನಿವಾರವೂ ವಾಪಸ್ ಹೋಗಿದ್ದ. ಹಣೆಯನ್ನು ಅರ್ಧ ತೆರೆದ ಗಾಜಿನ ಅಂಚಿಗೆ ಒತ್ತಿ, ಕೂಗದೆ, ಕೇಳಿದ.

"ಸಾರ್, ಇವತ್ತು ಆಯ್ತದಾ ಇಲ್ವಾ, ಅದೊಂದ್ ಹೇಳ್ಬುಡಿ. ಆಗಲ್ಲ ಅಂದ್ರೆ ಈಗ್ಲೇ ಸಂತೆಗಾದ್ರೂ ಹೊಡ್ಕಂಡ್ ಹೋಯ್ತೀನಿ."

ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಸಂಜೆವರೆಗೂ ಅವನ ಸರದಿ ಬರುವ ಹಾಗಿರಲಿಲ್ಲ. ಒಂದು ಮಾತು ಹೇಳಿದ್ದರೆ ಹೋಗುತ್ತಿದ್ದ. ಒಬ್ಬನಿಗೆ ಹೇಳಿದರೆ ನೂರು ಜನ ಕಿಟಕಿಗೆ ಬರುತ್ತಾರೆ ಅಂತ ಯೋಚಿಸಿ, ಸ್ಕ್ರೀನಿನ ಕಡೆ ಬೆರಳು ತೋರಿಸಿ, ಕಿಟಕಿಯ ಗಾಜು ಎಳೆದುಕೊಂಡೆ. ಅವನ ಹಣೆ ಅಲ್ಲೇ ಇತ್ತು. ಚೌಕಟ್ಟು ಹಣೆಗೆ ಬಡಿದ ಸದ್ದು ನನಗೆ ಕೇಳಿಸಿತು.

ಅವನು ಗಾಡಿಗೆ ಹೋದ. ಹನ್ನೆರಡರವರೆಗೆ ಅಲ್ಲೇ ಕೂತ. ಹನ್ನೆರಡಕ್ಕೆ ಮ್ಯಾನೇಜರಿಗೆ ಬೇಕಾದವರ ಒಂದು ಲಾರಿ ಬಂತು, ಅದಕ್ಕೆ ಗೇಟು ತೆಗೆದರು. ಆಗ ಅವನು ಸೀಟಿನ ಅಡಿಯಿಂದ ವೀಲ್ ಸ್ಪ್ಯಾನರ್ ತೆಗೆದುಕೊಂಡು ಇಳಿದ. ನಾನು ಗಾಜಿನೊಳಗಿನಿಂದ ಎಲ್ಲ ನೋಡುತ್ತಿದ್ದೆ. ಅವನು ಬರುತ್ತಿದ್ದದ್ದು ನನ್ನ ರೂಮಿನ ಕಡೆಗೆ, ಅದರಲ್ಲಿ ಅನುಮಾನವಿಲ್ಲ. ಮಾವ ಅಡ್ಡ ಬಂದ. ಎರಡೂ ಕೈ ಮುಂದೆ ಚಾಚಿ, ಏನೋ ಹೇಳುತ್ತಾ ಬಂದ. ಮೊದಲ ಏಟು ಬಲ ಮೊಣಕೈಗೆ ಬಿತ್ತು. ಕೈ ಬಾಗುವ ಕಡೆಗಲ್ಲದೆ ಬೇರೆ ಕಡೆಗೆ ಬಾಗಿತು. ಎರಡನೇ ಏಟು ಹೆಗಲಿಗೆ. ಮಾವ ಕೂತ. ಮೂರನೆಯದು ಬೀಳುವ ಮೊದಲು ಆಳುಗಳು ಆಟೊದವನ ಮೇಲೆ ಬಿದ್ದರು. ಅವರಿಂದ ತಪ್ಪಿಸಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು, ಹೆದ್ದಾರಿ ದಾಟಿ ಓಡಿದ. ಆಳುಗಳು ಅವನ ಆಟೊವನ್ನು ಹಣ್ಣಿನ ಸಮೇತ ಮಗುಚಿ ಹಾಕಿದರು. ನಾನು ಬಾಗಿಲು ತೆಗೆದು ಹೊರಗೆ ಬಂದದ್ದು ಎಲ್ಲ ಮುಗಿದ ಮೇಲೆ. ಜೀವನಪೂರ್ತಿ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಅವತ್ತು ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ.

ಮೊಣಕೈ ಪುಡಿಯಾಗಿತ್ತು. ಆಸ್ಪತ್ರೆಯಲ್ಲಿ ರಾಡು ಹಾಕಿದರು, ಇನ್ನು ಆ ಕೈ ಪೂರ್ತಿ ಚಾಚುವುದಿಲ್ಲ, ಭಾರ ಎತ್ತುವುದಿಲ್ಲ ಅಂದರು. ಪೊಲೀಸಿನವರು ಹೇಳಿಕೆ ಬರೆದುಕೊಳ್ಳಲು ಬಂದಾಗ ಮಾವ, ಗಾಡಿ ಮೇಲಿಂದ ಕ್ರೇಟಿನ ಸಮೇತ ಬಿದ್ದೆ ಅಂದ. ನಾನೂ ಅವನ ಇಬ್ಬರು ಗಂಡುಮಕ್ಕಳೂ ಬಾಯಿ ಬಿಡಲು ಹೋದೆವು. ಕಣ್ಣಿನಲ್ಲೇ ಗದರಿಸಿದ. ಅವರು ಹೋದ ಮೇಲೆ ಯಾಕೆ ಅಂತ ಕೇಳಿದ್ದಕ್ಕೆ, ಅವನಿಗೂ ಹೆಂಡತಿ ಮಕ್ಕಳು ಇರುತ್ತಾರಲ್ಲ ಅಂದು ಆಚೆ ತಿರುಗಿ ಮಲಗಿದ. ಕಾರ್ಖಾನೆಯಲ್ಲಿ ಎರಡೇ ದಿನಕ್ಕೆ ಹೊಸ ಮೇಸ್ತ್ರಿ ಬಂದಿದ್ದ.

ಮಾವನ ಮಂಚದ ಪಕ್ಕದ ಸ್ಟೂಲಿನಲ್ಲಿ ಹೊತ್ತು ಹೋಗಲಿ ಅಂತ ಆ ಹಳೆಯ ಪುಸ್ತಕ ಇಟ್ಟುಕೊಂಡಿದ್ದೆ. ಮೇಷ್ಟರು ಹಾರಿಸಿದ ಪಾಠ ತೆಗೆದೆ. ಬಿಸಾಡುವುದು ಒಂದೇ ದಾರಿಯಲ್ಲ ಅಂತ ಅಲ್ಲಿತ್ತು. ಪ್ಯಾಕೆಟ್ಟಿನ ತಲೆಯ ಮೇಲೆ ಎರಡೇ ಎರಡು ಸಣ್ಣ ಮನೆಗಳನ್ನು ಗುರುತಿಗೆ ಅಂತಲೇ ಬಿಟ್ಟಿರುತ್ತಾರೆ. ರೂಟರಿನ ಸಾಲು ಪೂರ್ತಿ ತುಂಬುವ ಮೊದಲೇ, ಬಂದವುಗಳಲ್ಲಿ ಅಲ್ಲೊಂದು ಇಲ್ಲೊಂದಕ್ಕೆ ಅದು ಗುರುತು ಹಾಕಿ ಮುಂದಕ್ಕೆ ಬಿಡುತ್ತದೆ. ಸಾಲು ಬೆಳೆದಷ್ಟೂ ಗುರುತು ಹೆಚ್ಚು. ಆಚೆ ಕಡೆಯವನು ಗುರುತು ನೋಡಿ, ತನ್ನ ‘ಬಂತು’ ಅನ್ನುವ ಉತ್ತರದ ಮೇಲೆ ಅದನ್ನು ಬರೆದು ವಾಪಸ್ ಕಳಿಸುತ್ತಾನೆ. ಕಳಿಸುವವನು ಅದನ್ನು ಕಂಡು ಅರ್ಧಕ್ಕೆ ಇಳಿಯುತ್ತಾನೆ. ಒಂದು ಚೂರೂ ಬಿಸಾಡಬೇಕಾಗುವುದಿಲ್ಲ. ಇದಕ್ಕೆ ಒಂದೇ ಷರತ್ತು, ಎರಡೂ ತುದಿಯವರು ಮೊದಲೇ ಒಪ್ಪಿರಬೇಕು. ಗುರುತನ್ನು ಒಬ್ಬ ಅಳಿಸಿದರೆ, ಇಲ್ಲಾ ಕಂಡೂ ಕಾಣದ ಹಾಗಿದ್ದರೆ, ಕೆಟ್ಟಿತು.

ಪುಸ್ತಕ ಮುಚ್ಚಿದೆ. ಓದಿಲ್ಲದ ಮಾವ ಹೆಬ್ಬೆರಳಲ್ಲಿ ಮಾಡುತ್ತಿದ್ದದ್ದನ್ನು ಓದಿದ ನಾನು ನಿಲ್ಲಿಸಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ. ಬುದ್ಧಿ ಬಂದಿದ್ದರೆ ಇಲ್ಲಿಗೆ ನಿಲ್ಲಬೇಕಿತ್ತು. ನನ್ನೊಳಗೆ ಬಂದದ್ದು ಬುದ್ಧಿಯಲ್ಲ, ಸಿಟ್ಟು. ತಪ್ಪು ನನ್ನದು ಅಂತ ಗೊತ್ತಾದಷ್ಟೂ ಆ ಆಟೊದವನ ಮೇಲೆ ಸಿಟ್ಟು ಏರುತ್ತಿತ್ತು. ನನ್ನನ್ನು ನಾನು ಹೊಡೆದುಕೊಳ್ಳಲು ಆಗುವುದಿಲ್ಲವಲ್ಲ.

ಅವನ ಊರು, ಗಾಡಿ ನಂಬರು ನನ್ನ ಕಂಪ್ಯೂಟರಿನಲ್ಲಿ ಇದ್ದವು. ನಾಳೆ ಕಮ್ಮಿ ತಾ ಅಂತ ಒಂದು ಮಾತು ಹೇಳಿಕಳಿಸಲು ಬಳಸದ ಆ ಪಟ್ಟಿಯನ್ನು, ಹೊಡೆಯಲು ಅವನ ಮನೆ ಹುಡುಕುವುದಕ್ಕೆ ಬಳಸಿದೆ. ಮಾವನ ಮಕ್ಕಳಿಬ್ಬರನ್ನು ಹಿಂದೆ ಕೂರಿಸಿಕೊಂಡು ಮಂಗಳವಾರ ಬೆಳಿಗ್ಗೆ ಬೈಕಿನಲ್ಲಿ ಹೋದೆ. ಮೂವರ ಕೈಯಲ್ಲೂ ಬಿದಿರಿನ ದೊಣ್ಣೆ.

ಮನೆ ತೋಟದಲ್ಲೇ ಇತ್ತು. ಶೀಟಿನ ಮಾಡು, ಮುಂದೆ ಒಂದು ಜಗಲಿ. ಅವನು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹಣೆಯಲ್ಲಿ ಕಿಟಕಿಯ ಚೌಕಟ್ಟಿನ ಗಾಯ ಕಪ್ಪಾಗಿತ್ತು. ನಮ್ಮನ್ನು ನೋಡಿ ಎದ್ದ, ಓಡಲಿಲ್ಲ. ಅವನ ಹೆಂಡತಿಗೆ ನಾವು ಯಾರು ಅಂತ ತಿಳಿಯಲಿಲ್ಲ. ಬಿಸಿಲಲ್ಲಿ ಬಂದ ನೆಂಟರು ಅಂತ ಚೊಂಬಿನಲ್ಲಿ ನೀರು, ಒಂದು ಚೂರು ಬೆಲ್ಲ ತಂದು ಜಗಲಿಯ ಅಂಚಿಗೆ ಇಟ್ಟಳು.

"ಮೂರ್ ಸಲ ವಾಪಸ್ ಕಳ್ಸುದ್ರಿ ಸಾರ್. ಒಂದ್ ಸಲನಾದ್ರೂವೆ ಬರ್ಬ್ಯಾಡ ಅಂತ ಯಾರಾದ್ರೂ ಹೇಳುದ್ರಾ? ಆ ಯಜಮಾನ್ರು ದೇವ್ರಂತೋರು. ಅವ್ರಿಗ್ ಬೀಳ್ಬೇಕಾದ್ ಏಟಲ್ಲ ಅದು. ಅವ್ರ್ ಕೈ ಹೆಂಗೈತೆ?"

ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದು ಕೇಳುತ್ತಿರುವಾಗಲೇ ನನಗೆ ಗೊತ್ತಿತ್ತು. ಆಸ್ಪತ್ರೆಯ ಸ್ಟೂಲಿನ ಮೇಲೆ ನಾನು ಓದಿದ್ದನ್ನೇ ಅವನು ಬಾಯಿಬಿಟ್ಟು ಹೇಳುತ್ತಿದ್ದ. ಹಾಗೆ ಗೊತ್ತಿದ್ದೂ ಹೊಡೆದೆ. ಚೊಂಬು ನನ್ನ ಕಾಲಿಗೆ ಸಿಕ್ಕಿ ಉರುಳಿತು. ಮೊದಲ ಏಟು ಅವನ ಕಿವಿಯ ಮೇಲೆ, ಎರಡನೆಯದು ಪಕ್ಕೆಗೆ. ಅವನು ಕೈ ಅಡ್ಡ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮಾವನ ಮಕ್ಕಳು ಎರಡೆರಡು ಹೊಡೆದು ನಿಲ್ಲಿಸಿದರು. ಅವನು ನೆಲಕ್ಕೆ ಬಿದ್ದ ಮೇಲೂ ನಾನು ನಿಲ್ಲಿಸಲಿಲ್ಲ. ಆ ಹೆಂಗಸು ಬಂದು ಅವನ ಮೇಲೆ ಮಲಗಿದಳು. ದೊಣ್ಣೆ ಅವಳ ಬೆನ್ನಿನ ಮೇಲೆ ಒಂದು ಗೇಣು ದೂರದಲ್ಲಿ ನಿಂತಿತು. ನಿಲ್ಲಿಸಿದವನು ನಾನಲ್ಲ, ಮಾವನ ದೊಡ್ಡ ಮಗ ಹಿಂದಿನಿಂದ ನನ್ನ ಕೈ ಹಿಡಿದಿದ್ದ.

ಮಾವನಿಗೆ ಮಕ್ಕಳೇ ಹೇಳಿದರು. ಸಂಜೆ ನಾನು ಆಸ್ಪತ್ರೆಗೆ ಹೋದಾಗ ಅವನು ದಿಂಬಿಗೆ ಒರಗಿ ಕೂತಿದ್ದ, ಪ್ಲಾಸ್ಟರಿನ ಕೈ ಎದೆಯ ಮೇಲಿತ್ತು. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅವ್ನು ನಂಗ್ ಹೊಡ್ದಾಗ ಅವ್ನಿಗ್ ಯಾರೂ ಏನೂ ಹೇಳಿರ್ನಿಲ್ಲ. ನಿಂಗೆ ಅವ್ನು ಎದುರ್ಗೇ ನಿಂತ್ಕಂಡು ಹೇಳ್ದ. ಆಮ್ಯಾಕೂ ಹೊಡ್ದಲ್ಲ, ನಿಂಗಿನ್ಯಾರ್ಲಾ ಹೇಳ್ಬೇಕು?"

ಮಾರನೆಯ ದಿನ ಕಾರ್ಖಾನೆಗೆ ಹೋಗಲಿಲ್ಲ, ಮತ್ತೆ ಯಾವತ್ತೂ ಹೋಗಲಿಲ್ಲ. ರೂಟರುಗಳ ಕೆಲಸ ಬಿಡಲಿಲ್ಲ, ಬೇರೆ ಕಡೆ ಮಾಡಿದೆ. ಎಲ್ಲಿ ಹೋದರೂ ಗುರುತು ಹಾಕುವ ಆ ಸೌಲಭ್ಯ ಇದೆಯೇ ಅಂತ ಮೊದಲು ನೋಡುತ್ತಿದ್ದೆ. ಇದ್ದರೂ ಯಾರೂ ತೆರೆದಿರುತ್ತಿರಲಿಲ್ಲ. ಆಚೆ ತುದಿಯವರಿಗೆ ಫೋನ್ ಮಾಡಿ ನೀವೂ ತೆರೆಯಿರಿ ಅಂತ ಕೇಳಿದರೆ, ಬಿಸಾಡಿದರೆ ಸಾಕಲ್ಲ ಅನ್ನುತ್ತಿದ್ದರು. ಅವರ ದನಿಯಲ್ಲಿ ನನ್ನದೇ ದನಿ ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಮಾವ ಎಡಗೈಯಲ್ಲಿ ಉಣ್ಣುವುದನ್ನು ಕಲಿತ. ಗೇಟಿನ ಕೆಲಸ ಮತ್ತೆ ಅವನಿಗೆ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಮಾವನ ಆ ಮಾತು ಕೇಳಿದ ಮೇಲೆ ಹದಿನೈದು ದಿನ ನಿದ್ದೆ ಇಲ್ಲದೆ ಒದ್ದಾಡಿದೆ. ಕೊನೆಗೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಬೈರಾಪಟ್ಟಣದಲ್ಲಿ ಇಳಿದು, ಅಲ್ಲಿಂದ ನಡೆದೇ ಆ ತೋಟಕ್ಕೆ ಹೋದೆ. ತಪ್ಪಾಯಿತು ಅನ್ನಬೇಕು, ಕಾಲಿಗೆ ಬೀಳಬೇಕಾದರೆ ಬೀಳಬೇಕು, ಅಷ್ಟೇ ತಲೆಯಲ್ಲಿತ್ತು. ಅವನು ಮರದಡಿ ಎಲೆ ಗುಡಿಸುತ್ತಿದ್ದ. ಕಿವಿಗೆ ಇನ್ನೂ ಹತ್ತಿ ಇಟ್ಟಿತ್ತು. ನನ್ನನ್ನು ಗುರುತು ಹಿಡಿದ. ಪೊರಕೆಯನ್ನು ಮರಕ್ಕೆ ಒರಗಿಸಿದ. ಆಮೇಲೆ ಕೈಗಡಿಯಾರ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು, ಹೆಂಡತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊ ಅಂದ. ಅವಳು ಹೋಗುವವರೆಗೂ ಕಾದು ನನ್ನ ಕಡೆ ತಿರುಗಿದ.

"ಇವತ್ತು ಎಷ್ಟ್ ಜನ ಬಂದಿದ್ದೀರಿ ಸಾರ್?"

ನಾನೊಬ್ಬನೇ ಅಂದೆ. ಅವನು ಎರಡೂ ಕೈ ಕೆಳಗೆ ಬಿಟ್ಟುಕೊಂಡು, ನನ್ನ ಬೆನ್ನ ಹಿಂದಿನ ದಾರಿಯನ್ನೇ ನೋಡುತ್ತಾ ನಿಂತಿದ್ದ.